ಚೌಕಾಸಿ ಮಾಡದ ಗಿರಾಕಿ ಬಂದರೆ ಎಚ್ಚರ: ಹಳೆ ಸಾಮಾನು ಎಲ್ಲಿ ಮಾರೋದು, ರೊಕ್ಕ ಹೇಗೆ ತಗೊಳ್ಳೋದು

ಕಳೆದ ವರ್ಷ ನನ್ನ ತಂಗಿ ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಮುಗಿಸಿ ರೂಮ್ ಖಾಲಿ ಮಾಡುತ್ತಿದ್ದಳು. ಕಾಟ್, ಗಾದಿ, ಓದೋ ಟೇಬಲ್ ಮೂರೂ ಸೇರಿ 3,500 ಅಂತ ಒಂದು ಆ್ಯಪ್‌ನಲ್ಲಿ ಫೋಟೊ ಹಾಕಿದಳು. ನಾಲ್ಕೇ ನಿಮಿಷಕ್ಕೆ ಫೋನ್ ಬಂತು. ಹಿಂದಿಯವನು. ತಾನು ಮಿಲಿಟರಿಯವನು, ಬೆಳಗಾವಿಯಿಂದ ಧಾರವಾಡಕ್ಕೆ ವರ್ಗ ಆಗಿದೆ, ಸಂಜೆ ಗಾಡಿ ಕಳಿಸಿ ಸಾಮಾನು ಒಯ್ಯಿಸುತ್ತೇನೆ, ರೊಕ್ಕ ಮಾತ್ರ ಈಗಲೇ ಹಾಕುತ್ತೇನೆ ಅಂದ. ಯೂನಿಫಾರ್ಮ್ ಹಾಕಿದ ಫೋಟೊ ಇರುವ ಐಡಿ ಕಾರ್ಡನ್ನೂ ಕಳಿಸಿದ. ರೇಟಿನ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ.

ಅಲ್ಲೇ ಅನುಮಾನ ಬರಬೇಕಿತ್ತು. ನಮ್ಮ ಕಡೆ ಹತ್ತು ರೂಪಾಯಿ ಕೊತ್ತಂಬರಿ ಕಟ್ಟಿಗೂ "ಎಂಟಕ್ಕ ಕೊಡ್ರಿ" ಅನ್ನದೆ ಯಾರಾದರೂ ಬಿಡುತ್ತಾರಾ? ಹಳೆ ಕಾಟ್ ಕೊಳ್ಳುವವನು ಬಂದು ಅಲುಗಾಡಿಸಿ ನೋಡಬೇಕು, ಗಾದಿ ಮೂಸಬೇಕು, ಟೇಬಲ್ ಕಾಲು ಕುಂಟುತ್ತದೆ ಅನ್ನಬೇಕು, ಆಮೇಲೆ ಅರ್ಧ ರೇಟು ಕೇಳಬೇಕು. ಇವನು ಕಣ್ಣಲ್ಲೂ ನೋಡದೆ ಪೂರಾ ರೊಕ್ಕ ಕೊಡುತ್ತೇನೆ ಅನ್ನುತ್ತಾನೆ.

ಮುಂದಿನದು ಬೇಗ ಬೇಗ ನಡೆಯಿತು. "ನಮ್ಮದು ಮಿಲಿಟರಿ ಅಕೌಂಟು, ಮೊದಲು ಚೆಕ್ ಮಾಡಬೇಕು, ಈ ಕೋಡ್ ಸ್ಕ್ಯಾನ್ ಮಾಡಿ 5 ರೂಪಾಯಿ ಹಾಕು, ನಾನು 10 ವಾಪಸ್ ಹಾಕುತ್ತೇನೆ" ಅಂದ. ಇವಳು ಹಾಕಿದಳು, 10 ಬಂತು ಕೂಡ. ನಂಬಿಕೆ ಕೂತಿತು. ಎರಡನೇ ಕೋಡ್ ಬಂತು, ಅದರಲ್ಲಿ 3,500 ಅಂತ ಇತ್ತು. ಸ್ಕ್ಯಾನ್ ಮಾಡಿ ಪಿನ್ ಒತ್ತಿದಳು. ರೊಕ್ಕ ಬರಲಿಲ್ಲ, ಹೋಯಿತು. "ಅಯ್ಯೋ ಉಲ್ಟಾ ಆಯ್ತು, ಇನ್ನೊಂದು ಸಲ ಮಾಡು, ಎರಡೂ ಸೇರಿ 7,000 ಬರುತ್ತದೆ" ಅಂದಾಗ ಅವಳಿಗೆ ಎಚ್ಚರ ಆಯಿತು. ಕಟ್ ಮಾಡಿ ನನಗೆ ಫೋನ್ ಹಚ್ಚಿದಳು, ಅಳುತ್ತಾ.

ಅವತ್ತಿನಿಂದ ನಮ್ಮ ಮನೆಯ, ಗೆಳೆಯರ ಮನೆಯ ಹಳೆ ಸಾಮಾನು ಮಾರುವ ಕೆಲಸ ನನ್ನ ತಲೆಗೇ ಬಂದಿದೆ. ಫ್ರಿಜ್, ತಿಜೋರಿ, ಫೋನು, ಒಂದು ಗಾಡಿ, ಹೀಗೆ ಹತ್ತಾರು ಮಾರಿದ್ದೇನೆ. ಯಾವ ಸಾಮಾನಿಗೆ ಯಾವ ದಾರಿ ಒಳ್ಳೇದು, ಎಲ್ಲಿ ಯಾವ ಮೋಸ ಕಾಯುತ್ತಿರುತ್ತದೆ ಅಂತ ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ಎಲ್ಲಿ ಹಾಕೋದು?

ಮೊದಲು ಓಎಲ್‌ಎಕ್ಸ್ ಥರದ ಆ್ಯಪ್‌ಗಳು. ಇಲ್ಲಿ ಗಿರಾಕಿ ಜಾಸ್ತಿ, ರೇಟೂ ಚಲೋ ಸಿಗುತ್ತದೆ, ಹುಬ್ಬಳ್ಳಿ ಬಿಟ್ಟು ಶಿಗ್ಗಾಂವಿ, ಲಕ್ಷ್ಮೇಶ್ವರದಿಂದಲೂ ಫೋನ್ ಬರುತ್ತದೆ. ಕಳ್ಳರೂ ಇಲ್ಲೇ ಜಾಸ್ತಿ, ಯಾಕಂದರೆ ಗಿರಾಕಿ ಯಾರು ಅಂತ ನಿಮಗೆ ಏನೂ ಗೊತ್ತಾಗುವುದಿಲ್ಲ. ಒಂದು ಒಳ್ಳೇದು ಏನಂದರೆ ಫೋನ್ ನಂಬರ್ ತೋರಿಸದೆ ಚಾಟ್‌ನಲ್ಲೇ ಮಾತಾಡಬಹುದು. ನಾನು ನಂಬರ್ ಮುಚ್ಚಿಯೇ ಇಡುತ್ತೇನೆ. ನಿಜವಾದ ಗಿರಾಕಿ ಚಾಟ್‌ನಲ್ಲಿ "ಲಾಸ್ಟ್ ಎಷ್ಟ್ರಿ?" ಅಂತ ಕೇಳುತ್ತಾನೆ. ಕಳ್ಳನಿಗೆ ಎರಡನೇ ಮೆಸೇಜಿಗೇ ನಿಮ್ಮ ವಾಟ್ಸಾಪ್ ನಂಬರ್ ಬೇಕು.

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಗಿರಾಕಿಯ ಮುಖ ಸ್ವಲ್ಪ ಕಾಣುತ್ತದೆ. ಪ್ರೊಫೈಲ್ ಒತ್ತಿ ನೋಡಿ: ಯಾವ ವರ್ಷ ಸೇರಿದ್ದಾನೆ, ನಿಮ್ಮಿಬ್ಬರಿಗೂ ಗೊತ್ತಿರುವ ಗೆಳೆಯರಿದ್ದಾರಾ, ಫೋಟೊಗಳಲ್ಲಿ ಎಲ್ಲಾದರೂ ಉಣಕಲ್ ಕೆರೆಯೋ ಸಿದ್ಧಾರೂಢ ಮಠದ ಜಾತ್ರೆಯೋ ಇದೆಯಾ. ಹೋದ ತಿಂಗಳು ಹುಟ್ಟಿದ ಅಕೌಂಟು, ಒಂದೇ ಫೋಟೊ, ಅದೂ ಹೂವಿನದು ಅಂದರೆ ಬಿಟ್ಟುಬಿಡಿ. ಆದರೆ ಇಲ್ಲಿ "ಇದೆಯಾ?" ಅಂತ ಕೇಳಿ ಮಾಯವಾಗುವವರ ಕಾಟ ವಿಪರೀತ. ತಿಜೋರಿ ಮಾರುವಾಗ 40 ಜನ "ಇದೆಯಾ?" ಅಂದರು, ಬಂದವರು ಇಬ್ಬರು. ಮೋಸ ಅಲ್ಲ, ಸುಮ್ನೆ ತಲೆನೋವು.

ಎರಡೂ ಕಡೆ ಒಂದು ವಿಷಯ ತಿಳಿದಿರಲಿ. ನೀವು ಸಾಮಾನು ಕೊಡುವ ತನಕ ರೊಕ್ಕವನ್ನು ನಡುವೆ ಹಿಡಿದಿಟ್ಟು, ಆಮೇಲೆ ನಿಮಗೆ ದಾಟಿಸುವ ಕೆಲಸವನ್ನು ಈ ಆ್ಯಪ್‌ನವರು ಮಾಡುವುದಿಲ್ಲ. ಗಿರಾಕಿ ಯಾರು, ರೊಕ್ಕ ಹೇಗೆ ಅನ್ನುವುದೆಲ್ಲ ನಿಮ್ಮಿಬ್ಬರ ನಡುವಿನದು. ಹಾಗಾಗಿ ಯಾರಾದರೂ "ನಾನು ಆ್ಯಪ್‌ಗೇ ರೊಕ್ಕ ಕಟ್ಟಿದ್ದೇನೆ, ಈ ಲಿಂಕ್ ಒತ್ತಿ ನಿಮ್ಮ ಕಾರ್ಡ್ ನಂಬರ್ ಹಾಕಿದರೆ ನಿಮಗೆ ಬರುತ್ತದೆ" ಅಂದರೆ ಆ ಲಿಂಕ್ ಎಷ್ಟೇ ಚಂದ ಕಂಡರೂ ಅದು ಕಳ್ಳರದೇ.

ವಾಟ್ಸಾಪ್ ಗ್ರೂಪು ನನಗೆ ಎಲ್ಲಕ್ಕಿಂತ ಇಷ್ಟ. ಅಪಾರ್ಟ್‌ಮೆಂಟಿನದು, ಆಫೀಸಿನದು, ಪಿಜಿ ಹುಡುಗರದು, ಯಾವುದೇ ಇರಲಿ. ರೇಟು ಕಡಿಮೆ ಬರುತ್ತದೆ, ಗಿರಾಕಿ ನಾಲ್ಕೇ ಜನ, ಸಂಕೋಚಕ್ಕೆ ಕೊಟ್ಟೂ ಬಿಡಬೇಕಾಗುತ್ತದೆ. ಆದರೆ ಮೋಸ ಮಾಡಿದವನು ನಾಳೆ ಲಿಫ್ಟಿನಲ್ಲಿ ಸಿಗುತ್ತಾನೆ! ಸಪ್ತಾಪುರದಂಥ ಕಡೆ ವರ್ಷಕ್ಕೆ ಎರಡು ಸಲ ಹುಡುಗರು ಬರೋದು ಹೋಗೋದು ಇದ್ದೇ ಇರುತ್ತದೆ. ಅಲ್ಲಿ ಕಾಟ್, ಟೇಬಲ್, ಕೆಎಎಸ್ ಪುಸ್ತಕ ಮಾರೋಕೆ ಆ್ಯಪ್ ಯಾಕೆ ಬೇಕು? ಪಿಜಿ ಗೋಡೆಗೆ ಒಂದು ಚೀಟಿ ಅಂಟಿಸಿದರೆ ಸಾಕು. ಇದು ನನ್ನ ತಂಗಿಗೆ ಹೇಳದೆ ಹೋದದ್ದು ನನ್ನದೇ ತಪ್ಪು.

ಇನ್ನು ಅಂಗಡಿ. ಹಳೆ ಫರ್ನಿಚರ್ ತಗೊಳ್ಳುವವರು, ಕೊಪ್ಪಿಕರ್ ರೋಡಿನ ಕಡೆಯ ಮೊಬೈಲ್ ಅಂಗಡಿಗಳು, ಹೊಸದು ತಗೊಂಡಾಗ ಹಳೆಯದು ಎಕ್ಸ್‌ಚೇಂಜ್ ಮಾಡಿಕೊಳ್ಳುವ ಶೋರೂಮು, ಮನೆಗೇ ಬಂದು ಫೋನ್ ಒಯ್ಯುವ ಕಂಪನಿಗಳು. ಎಲ್ಲರೂ ರೇಟು ಹಿಂಡುತ್ತಾರೆ. ನಿಮಗೆ 9,000 ಬರಬಹುದಾದ ಫೋನಿಗೆ 6,000 ಅನ್ನುತ್ತಾರೆ, ಮನೆಗೆ ಬಂದವನು ಸ್ಕ್ರೀನ್ ಮೇಲೆ ಗೀರು ಹುಡುಕಿ ಇನ್ನೊಂದು 800 ಕಡಿಯುತ್ತಾನೆ. ಆ ರೊಕ್ಕ ಕಳಕೊಂಡದ್ದಕ್ಕೆ ಬದಲಾಗಿ ನಿಮಗೆ ಸಿಗುವುದು ನೆಮ್ಮದಿ: ಅಂಗಡಿಗೆ ವಿಳಾಸ ಇದೆ, ರಸೀದಿ ಇದೆ, ರೊಕ್ಕ ಅಲ್ಲೇ ಎಣಿಸಿ ಕೊಡುತ್ತಾನೆ. ಫೋನಿಗಂತೂ ನಾನು ಈ ದಾರಿಯನ್ನೇ ಹಿಡಿಯುತ್ತೇನೆ. ಫೋನು ಕೈಯಿಂದ ಕೈಗೆ ಕ್ಷಣದಲ್ಲಿ ಮಾಯವಾಗುವ ವಸ್ತು. "ಗೆಳೆಯ ಅಲ್ಲೇ ಕಾರಿನಲ್ಲಿ ಕೂತಿದ್ದಾನ್ರಿ, ತೋರಿಸಿ ಬರ್ತೀನಿ" ಅಂತ ಒಯ್ದವನು ವಾಪಸ್ ಬರುವುದಿಲ್ಲ.

ಯಾರಿಗೇ ಕೊಡಿ, ಫೋನ್ ಕೊಡುವ ಮೊದಲು *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರೆದಿಟ್ಟುಕೊಳ್ಳಿ. ಗೂಗಲ್ ಅಕೌಂಟ್ ತೆಗೆದು ಆಮೇಲೆ ರಿಸೆಟ್ ಮಾಡಿ. ಸಿಮ್ಮು, ಮೆಮೊರಿ ಕಾರ್ಡು ಮರೆಯುವವರು ಈಗಲೂ ಇದ್ದಾರೆ. ಆ ಫೋನಿನಿಂದ ನಾಳೆ ಯಾರಾದರೂ ಏನಾದರೂ ಮಾಡಿದರೆ ಪೊಲೀಸರು ಮೊದಲು ಬರುವುದು ಹಳೆ ಮಾಲೀಕನ ಹತ್ತಿರ. ಅದಕ್ಕೇ ಕೊಂಡವನ ಹೆಸರು, ತಾರೀಕು, ಸಹಿ ಇರುವ ಒಂದು ಚೀಟಿ ಬರೆಸಿಕೊಂಡು ಇಟ್ಟಿರಿ. ಅವನು ನಿಮ್ಮ ಆಧಾರ್ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅದನ್ನು ಆಧಾರ್ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು.

ರೊಕ್ಕ ಹೇಗೆ ತಗೊಳ್ಳೋದು?

ಎಲ್ಲಿ ಹಾಕುತ್ತೀರಿ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಇದು. ಮೋಸ ಹೋದವರ ಕತೆ ಯಾವುದನ್ನೇ ಬಿಚ್ಚಿ ನೋಡಿ, ರೊಕ್ಕ ತಮ್ಮದಾಗುವ ಮೊದಲೇ ಸಾಮಾನು ಕೈಬಿಟ್ಟಿರುತ್ತಾರೆ. ಇಲ್ಲಾಂದರೆ ಬರಬೇಕಾದ ರೊಕ್ಕಕ್ಕೆ ತಾವೇ ಪಿನ್ ಒತ್ತಿರುತ್ತಾರೆ.

ನಗದು ಹಳೇ ಕಾಲದ್ದು ಅಂತ ಹುಡುಗರು ನಗುತ್ತಾರೆ. 10,000ದ ಒಳಗಿನ ಸಾಮಾನಿಗೆ ನನ್ನ ಮೊದಲ ಆಯ್ಕೆ ನಗದೇ. ವಾಪಸ್ ಎಳೆದುಕೊಳ್ಳೋಕೆ ಆಗುವುದಿಲ್ಲ, ನೆಟ್‌ವರ್ಕ್ ಬೇಡ, ಯಾವ ಅಕೌಂಟಿನಿಂದ ಬಂತು ಅನ್ನುವ ತಕರಾರಿಲ್ಲ. ಖೋಟಾ ನೋಟಿನ ಭಯ ಇದ್ದರೆ 500ರ ನೋಟನ್ನು ಸ್ವಲ್ಪ ವಾಲಿಸಿ ನೋಡಿ: ನಡುವಿನ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ದೊಡ್ಡ ಮೊತ್ತ ಆದರೆ ಬ್ಯಾಂಕಿನ ನಗದು ಕಟ್ಟುವ ಮಷಿನ್ ಮುಂದೆಯೇ ಭೇಟಿ ಆಗಿ, ಅವನ ಕಣ್ಣೆದುರೇ ಕಟ್ಟಿಬಿಡಿ. ದೊಡ್ಡ ಮೊತ್ತ ಕಟ್ಟುವಾಗ ಪ್ಯಾನ್ ಕೇಳಬಹುದು. ಇನ್ನು ಟ್ರ್ಯಾಕ್ಟರು, ಕಾರು ಮಾರುವವರು ಒಂದು ವಿಷಯ ಗಮನದಲ್ಲಿಡಿ: ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಕೊಟ್ಟವನ ಮೇಲಲ್ಲ, ತಗೊಂಡ ನಿಮ್ಮ ಮೇಲೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ಬಂದ ರೊಕ್ಕ ಚೀಲದಲ್ಲೇ ಇದೆ, ಹಾಗೇ ತಗೊಳ್ರಿ ಅಂತ ಗಿರಾಕಿ ಹೇಳಿದರೂ ಬ್ಯಾಂಕಿಗೇ ಹಾಕಿಸಿ.

ಯುಪಿಐ ಸಲೀಸು, ಮೋಸವೂ ಇದರ ಹೆಸರಿನಲ್ಲೇ ಜಾಸ್ತಿ. ಪಾಪ, ಯುಪಿಐ ತಪ್ಪೇನೂ ಇಲ್ಲ. ರೊಕ್ಕ ಬರೋಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಏನೂ ಬೇಡ. ಪಿನ್ ಕೇಳಿತು ಅಂದರೆ ಹೋಗುವುದು ನಿಮ್ಮ ರೊಕ್ಕ, ಅಷ್ಟೇ. ಕಿರಾಣಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದು ನಾವು, ರೊಕ್ಕ ಹೋಗುವುದು ಅಂಗಡಿಯವನಿಗೆ, ಅಲ್ವಾ? ಇಲ್ಲಿ ಅಂಗಡಿಯವರು ನೀವು. ಮೊದಲು "ರೊಕ್ಕ ಕಳಿಸಿದ್ದೇನೆ, ಒಪ್ಪಿಕೊಳ್ಳಿ" ಅಂತ ಕಲೆಕ್ಟ್ ರಿಕ್ವೆಸ್ಟ್, ಅಂದರೆ ನಿಮ್ಮಿಂದಲೇ ರೊಕ್ಕ ಕೇಳುವ ಕೋರಿಕೆ ಕಳಿಸಿ ದೋಚುತ್ತಿದ್ದರು. ಇಬ್ಬರು ವ್ಯಕ್ತಿಗಳ ನಡುವಿನ ಆ ವ್ಯವಸ್ಥೆಯನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಕ್ಯೂಆರ್ ಕೋಡಿನ ಆಟ ಮಾತ್ರ ನಿಂತಿಲ್ಲ.

ಮೋಸದ ಇನ್ನೊಂದು ಬಗೆ ಎದುರಿಗೇ ನಡೆಯುತ್ತದೆ. ಗಿರಾಕಿ ನಿಮ್ಮ ಮನೆ ಬಾಗಿಲಲ್ಲೇ ನಿಂತಿರುತ್ತಾನೆ, ಫೋನ್ ತೋರಿಸುತ್ತಾನೆ, ಹಸಿರು ಟಿಕ್ ಬಂದಿದೆ, ನಿಮ್ಮ ಹೆಸರಿದೆ, ಟಿಂಗ್ ಅಂತ ಶಬ್ದವೂ ಬರುತ್ತದೆ. ಅದು ಪೇಮೆಂಟ್ ಆದ ಹಾಗೆ ತೋರಿಸೋಕೆ ಅಂತಲೇ ಮಾಡಿದ ನಕಲಿ ಆ್ಯಪ್ ಆಗಿರಬಹುದು. ಅವನ ಫೋನಿನಲ್ಲಿ ಏನಿದೆ ಅನ್ನುವುದು ನಿಮಗೆ ಸಂಬಂಧವೇ ಇಲ್ಲ. ನಿಮ್ಮ ಫೋನಿನಲ್ಲಿ ನಿಮ್ಮ ಬ್ಯಾಂಕ್ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ. ಮೆಸೇಜ್ ನಂಬಬೇಡಿ. ಬ್ಯಾಂಕಿನ ಮೆಸೇಜು ಬ್ಯಾಂಕಿನ ಹೆಸರಿನ ಅಕ್ಷರಗಳಿಂದ ಬರುತ್ತದೆ, ಯಾರದೋ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. "ಸರ್ವರ್ ಡೌನ್ ಐತ್ರಿ, ಹತ್ತು ನಿಮಿಷಕ್ಕ ಬರತೈತಿ, ನಾನು ಒಯ್ತೀನಿ" ಅಂದರೆ "ಹತ್ತು ನಿಮಿಷ ಚಾ ಕುಡಿಯೋಣ ಬರ್ರಿ" ಅನ್ನಿ. ನಾನು ಒಂದು ಸಲ ಹಾಗೇ ಅಂದೆ. ಮನುಷ್ಯ ಚಾ ಮುಗಿಯುವ ಮೊದಲೇ ಗಾಡಿ ಸ್ಟಾರ್ಟ್ ಮಾಡಿದ. ಫ್ರಿಜ್ ನಮ್ಮಲ್ಲೇ ಉಳಿಯಿತು.

ಇದರ ಅಣ್ಣ ಒಬ್ಬ ಇದ್ದಾನೆ: "3,000 ಹಾಕೋ ಬದಲು ತಪ್ಪಿ 30,000 ಹಾಕಿಬಿಟ್ಟೆ, ಆಸ್ಪತ್ರೆಯಲ್ಲಿದ್ದೇನೆ, 27,000 ಬೇಗ ವಾಪಸ್ ಹಾಕಿ." ಬಹಳ ಸಲ ರೊಕ್ಕ ಬಂದೇ ಇರುವುದಿಲ್ಲ, ಸುಳ್ಳು ಮೆಸೇಜು ಅಷ್ಟೇ. ನಿಜವಾಗಿ ಬಂದಿದ್ದರೂ ನೀವಾಗಿ ಬೇರೆ ನಂಬರಿಗೆ ಹಾಕಬೇಡಿ. ಅದು ಇನ್ಯಾರದೋ ಅಕೌಂಟಿನಿಂದ ಕದ್ದದ್ದು ಆಗಿರಬಹುದು, ಆಗ ನಡುವೆ ಸಿಕ್ಕಿಬೀಳುವುದು ನೀವು, ಪೊಲೀಸರು ಹೇಳಿದರೆ ಬ್ಯಾಂಕಿನವರು ನಿಮ್ಮ ಅಕೌಂಟಿಗೇ ಬೀಗ ಹಾಕುತ್ತಾರೆ. "ನಿಮ್ಮ ಬ್ಯಾಂಕಿಗೆ ಹೇಳಿ ವಾಪಸ್ ತರಿಸಿಕೊಳ್ಳಿ" ಅಂತ ಹೇಳಿ, ನಿಮ್ಮ ಬ್ಯಾಂಕಿಗೂ ಒಂದು ಅರ್ಜಿ ಬರೆದು ಕೊಡಿ. ಇದೇ ಕಾರಣಕ್ಕೆ ರೊಕ್ಕ ಬಂದಾಗ ಕಳಿಸಿದವನ ಹೆಸರು ನೋಡುವ ಅಭ್ಯಾಸ ಮಾಡಿಕೊಳ್ಳಿ. ಎದುರಿಗೆ ನಿಂತವನ ಹೆಸರು ಒಂದು, ರೊಕ್ಕ ಬಂದದ್ದು ಉತ್ತರ ಭಾರತದ ಯಾವುದೋ ಹೆಣ್ಣುಮಗಳ ಹೆಸರಿನಿಂದ ಅಂದರೆ ನಿಲ್ಲಿಸಿ ಕೇಳಿ.

ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ಯುಪಿಐ ಮಿತಿ. ಅದಕ್ಕಿಂತ ಜಾಸ್ತಿಯಾದರೆ ನೆಫ್ಟ್, ಐಎಂಪಿಎಸ್, 2 ಲಕ್ಷದ ಮೇಲಾದರೆ ಆರ್‌ಟಿಜಿಎಸ್. ಇವು ಗಟ್ಟಿ ದಾರಿ, ಬರೆದಿಟ್ಟ ಲೆಕ್ಕ ಉಳಿಯುತ್ತದೆ. ಅಕೌಂಟ್ ನಂಬರು, ಐಎಫ್‌ಎಸ್‌ಸಿ ಕೊಡುವುದರಿಂದ ಯಾರೂ ರೊಕ್ಕ ಎಳೆಯೋಕೆ ಆಗುವುದಿಲ್ಲ. ಒಟಿಪಿ ಕೇಳಿದರೆ, ಎನಿಡೆಸ್ಕ್ ಥರದ ಸ್ಕ್ರೀನ್ ಹಂಚುವ ಆ್ಯಪ್ ಹಾಕಿಕೊಳ್ಳಿ ಅಂದರೆ, ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಹಾಕಿಕೊಳ್ಳುವ ಫೈಲ್) ಕಳಿಸಿದರೆ ಮಾತ್ರ ಮಾತು ಮುಗಿಯಿತು, ಬ್ಲಾಕ್.

ಚೆಕ್ ಬೇಡ. ಗದಗಿನಲ್ಲಿ ನನ್ನ ಗೆಳೆಯನ ಮಾವನವರದು ಪ್ರಿಂಟಿಂಗ್ ಪ್ರೆಸ್ಸು. ಹಳೆ ಪೇಪರ್ ಕಟಿಂಗ್ ಮಷಿನ್ 85,000ಕ್ಕೆ ಮಾರಿ ಚೆಕ್ ತಗೊಂಡರು. ಮಷಿನ್ ಲಾರಿ ಏರಿತು, ಚೆಕ್ ವಾಪಸ್ ಬಂತು. ಚೆಕ್ ಬೌನ್ಸಿಗೆ 138ನೇ ಸೆಕ್ಷನ್ ಇದೆ, ನಿಜ. ಚೆಕ್ ವಾಪಸ್ ಬಂದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು, ಅವನಿಗೆ 15 ದಿನ ಕೊಡಬೇಕು, ಆಮೇಲೆ ಒಂದು ತಿಂಗಳಲ್ಲಿ ಕೇಸು ಹಾಕಬೇಕು. ಅವರು ಹಾಕಿದ್ದಾರೆ, ಕೋರ್ಟಿಗೆ ಓಡಾಡುತ್ತಿದ್ದಾರೆ. ಮಷಿನ್ ಎಲ್ಲಿದೆಯೋ.

ಕೊರಿಯರ್‌ನಲ್ಲಿ ಕಳಿಸಿ, ಮುಟ್ಟಿದ ಮೇಲೆ ಕೊಡುತ್ತೇನೆ ಅನ್ನುವವರಿಗೆ ನನ್ನ ಉತ್ತರ ಒಂದೇ: ಹುಬ್ಬಳ್ಳಿಗೆ ಬಂದು ಒಯ್ಯಿರಿ. "ನಮ್ಮ ಕೊರಿಯರ್ ಹುಡುಗ ಬರುತ್ತಾನೆ, ಇನ್ಶೂರೆನ್ಸ್ ಅಂತ 900 ನೀವು ಕಟ್ಟಿ, ವಾಪಸ್ ಬರುತ್ತದೆ" ಅನ್ನುವ ತಳಿಯೂ ಇದೆ. ಮಾರುವವನು ಯಾವ ಕಾರಣಕ್ಕೂ ಗಿರಾಕಿಗೆ ರೊಕ್ಕ ಕೊಡಬೇಕಾಗಿಲ್ಲ, ಲಾರಿ ಅಡ್ವಾನ್ಸ್ ಅನ್ನಲಿ, ಗೇಟ್‌ಪಾಸ್ ಅನ್ನಲಿ.

ಎಲ್ಲಿ ಭೇಟಿ?

ಫ್ರಿಜ್, ತಿಜೋರಿ ಆದರೆ ಮನೆಗೇ ಕರೆಯಬೇಕು, ಬೇರೆ ದಾರಿ ಇಲ್ಲ. ಹಗಲು ಕರೆಯಿರಿ, ಇನ್ನೊಬ್ಬರು ಜೊತೆಗಿರಲಿ, ಸಾಮಾನನ್ನು ಮೊದಲೇ ಪಡಸಾಲೆಗೆ ತಂದಿಡಿ. ಒಳಗಿನ ಖೋಲಿ ತೋರಿಸುವ ಕೆಲಸ ಇರಬಾರದು.

ಸಣ್ಣ ಸಾಮಾನಿಗೆ ಹೊರಗೆ ಭೇಟಿ ಆಗಿ. ಧಾರವಾಡದವರು ಹುಬ್ಬಳ್ಳಿಯವರಿಗೆ ಮಾರುವಾಗ ನವನಗರದಲ್ಲಿ ಚಿಗರಿ ಬಸ್ಸಿನ ನಿಲ್ದಾಣದ ಹೊರಗೆ ಸಿಗುವುದು ನನಗೆ ಸರಿಬಂದಿದೆ, ಇಬ್ಬರಿಗೂ ಅರ್ಧ ದಾರಿ, ಜನ ಇರುತ್ತಾರೆ. ರೇಲ್ವೆ ಸ್ಟೇಷನ್ ಮಾತ್ರ ಬೇಡ. ಒಂದು, ಕೈಗೆ ಸಾಮಾನು ಸಿಕ್ಕವನು ರೈಲು ಹತ್ತಿ ಹೋಗಬಹುದು. ಎರಡು, ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. "ಪ್ಲಾಟ್‌ಫಾರ್ಮ್ ಮ್ಯಾಲೆ ಅದೀನ್ರಿ" ಅಂದರೆ ಯಾವ ತುದಿಗೆ ಅಂತ ಹುಡುಕುತ್ತೀರಿ? ಹತ್ತು ಸಾವಿರ ಮೀರಿದರೆ ಬ್ಯಾಂಕೇ ಸರಿ, ಕ್ಯಾಮೆರಾ ಇದೆ, ನೋಟು ಎಣಿಸುವ ಮಷಿನ್ ಇದೆ, ಕಳ್ಳನಿಗೆ ಆ ಜಾಗ ಹಿಡಿಸುವುದಿಲ್ಲ.

ಗಾಡಿ ಮಾರೋದು ಬೇರೆಯೇ ಆಟ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಾನೇ ಒಂದು ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ. ನನ್ನ ಕೆಎ-63 ಗಾಡಿಯನ್ನು 52,000ಕ್ಕೆ ಅಂತ ಹಾಕಿದ್ದೆ. ಬೆಂಗಳೂರಿನಿಂದ ಅಂತ ಒಬ್ಬ ಫೋನ್ ಮಾಡಿದ, ಚಲೋ ಕನ್ನಡ, ಎರಡು ಸಾವಿರ ಚೌಕಾಸಿಯನ್ನೂ ಮಾಡಿದ. ಹಾಗಾಗಿ ನನ್ನ ಚೌಕಾಸಿ ಪರೀಕ್ಷೆಯಲ್ಲಿ ಪಾಸಾದ. "ನನಗಲ್ಲ, ಗದಗಿನಲ್ಲಿ ನಮ್ಮ ಕಾಕಾ ಇದ್ದಾರೆ, ಅವರು ಬಂದು ನೋಡುತ್ತಾರೆ. ರೇಟಿನ ಮಾತು ಅವರ ಹತ್ತಿರ ಎತ್ತಬೇಡಿ, ಅವರು ನನಗೆ ರೊಕ್ಕ ಕೊಡೋದು ಬಾಕಿ ಇದೆ, ಅದರಲ್ಲಿ ಮುರಿದುಕೊಳ್ಳುತ್ತೇನೆ. ಕೇಳಿದರೆ ನಾನು ನಿಮ್ಮ ಅಣ್ಣ ಅಂತ ಹೇಳಿ" ಅಂದ.

ಭಾನುವಾರ ಗದಗಿನಿಂದ ಬಸ್ಸಿಗೆ ಬಂದರು, ವಯಸ್ಸಾದವರು, ಜೊತೆಗೆ ಕಾಲೇಜಿಗೆ ಹೋಗೋ ಮಗ. ಗಾಡಿ ಸುತ್ತ ಎರಡು ಸಲ ತಿರುಗಿದರು, ಟೈರು ಒತ್ತಿದರು, ಮಗ ಒಂದು ರೌಂಡ್ ಹೊಡೆದು ಬಂದ. ಎಲ್ಲಾ ಸರಿ. ಕಾಕಾ ಫೋನ್ ತೆಗೆದು ರೊಕ್ಕ ಹಾಕೋಕೆ ಕೂತರು. ನನ್ನ ನಂಬರ್ ಕೇಳಲೇ ಇಲ್ಲ. ಸುಮ್ನೆ ಇರಲಾರದೆ ಕೇಳಿಬಿಟ್ಟೆ:

"ಕಾಕಾ, ಎಷ್ಟಕ್ಕ ಮಾತಾತ್ರಿ?"

"ಮೂವತ್ತೆಂಟಕ್ಕ. ನಿಮ್ಮ ಅಣ್ಣಾರು ಹೇಳಿದ್ರಲ್ಲ."

ನನಗೆ ಅಣ್ಣನೇ ಇಲ್ಲ. ಇಬ್ಬರ ಫೋನನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು: ಅದೇ ನಂಬರು. ಅವನು ನನ್ನ ಫೋಟೊಗಳನ್ನೇ ಕದ್ದು 38,000ಕ್ಕೆ ಇನ್ನೊಂದು ಜಾಹೀರಾತು ಹಾಕಿದ್ದ. ಕಾಕಾ ರೊಕ್ಕ ಅವನಿಗೆ ಹಾಕಿಬಿಟ್ಟಿದ್ದರೆ ಗಾಡಿ ಕೊಡಿ ಅಂತ ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದರು, ನನ್ನ ರೊಕ್ಕ ಎಲ್ಲಿ ಅಂತ ನಾನು ಅವರದನ್ನು ಹಿಡಿಯುತ್ತಿದ್ದೆ. ಇಬ್ಬರೂ ಬೈಗುಳದ ತನಕ ಹೋಗುವಷ್ಟರಲ್ಲಿ ಅವನ ಸಿಮ್ ಬಂದ್ ಆಗಿರುತ್ತಿತ್ತು. ನಾವು ಮೂವರೂ ಗಿರಮಿಟ್ಟು, ಮಿರ್ಚಿ ತಿಂದು ಅವನನ್ನು ಬಯ್ದುಕೊಂಡೆವು. ಮುಂದಿನ ವಾರ ಕಾಕಾ ಇನ್ನೊಂದಿಷ್ಟು ರೊಕ್ಕ ಹೊಂದಿಸಿಕೊಂಡು ಬಂದು 47,000ಕ್ಕೆ ಗಾಡಿ ಒಯ್ದರು.

ಹಾವೇರಿ, ರಾಣೆಬೆನ್ನೂರು ಕಡೆ ಟ್ರ್ಯಾಕ್ಟರ್ ಮಾರುವವರಿಗೂ ಇದೇ ಮಾತು. ರೇಟನ್ನು ಎದುರಿಗಿದ್ದವನ ಬಾಯಿಂದಲೇ ಕೇಳಿ. "ಅವರ ಹತ್ತಿರ ರೇಟು ಮಾತಾಡಬೇಡಿ" ಅಂದವನ ಜೊತೆ ವ್ಯವಹಾರವೇ ಬೇಡ. ಟ್ರಯಲ್‌ಗೆ ಕೊಡುವಾಗ ಹಿಂದೆ ನೀವು ಕೂರಿ, ಇಲ್ಲಾಂದರೆ ಅವನು ಬಂದ ಗಾಡಿಯ ಕೀಲಿ ಇಸ್ಕೊಳ್ಳಿ. ಮೊಬೈಲ್ ಇಟ್ಟು ಹೋಗುತ್ತೇನೆ ಅಂದರೆ ಒಪ್ಪಬೇಡಿ, ಎರಡು ಸಾವಿರದ ಕೆಟ್ಟ ಮೊಬೈಲ್ ಇಟ್ಟು ಐವತ್ತು ಸಾವಿರದ ಗಾಡಿ ಒಯ್ದವರಿದ್ದಾರೆ.

ಆ್ಯಪ್ ಬೇಡ, ಹಳೆ ಗಾಡಿ ಕೊಂಡು ಮಾರುವ ಆಟೋ ಕನ್ಸಲ್ಟಂಟ್‌ಗೆ ಕೊಡೋಣ ಅಂದರೆ ಅಲ್ಲಿ ರೇಟು ಕಡಿಮೆ, ರೊಕ್ಕ ಅವತ್ತೇ. ಆದರೆ ಮಾಲೀಕರ ಹೆಸರು ಬದಲಿಸುವ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಗಾಡಿ ಇಟ್ಟುಕೊಳ್ಳುತ್ತಾರೆ, ಯಾರಿಗೆ ಮಾರಿದರು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ, ಅಪಘಾತದ ಪರಿಹಾರ ನಿಮ್ಮ ತಲೆಗೇ ಬರಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 2023ರ ಏಪ್ರಿಲ್‌ನಿಂದ ಅಧಿಕೃತ ಡೀಲರ್‌ಗೆ ಗಾಡಿ ಒಪ್ಪಿಸಿದ್ದನ್ನು ಸರ್ಕಾರದ ಪೋರ್ಟಲ್‌ನಲ್ಲಿ ತಿಳಿಸುವ ನಿಯಮ ಬಂದಿದೆ. ನಿಮ್ಮ ಕನ್ಸಲ್ಟಂಟ್‌ಗೆ ಆ ಅಧಿಕಾರಪತ್ರ ಇದೆಯಾ ಅಂತ ಕೇಳಿ ನೋಡಿ, ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ. ಸಾಲದ ಗಾಡಿ ಆಗಿದ್ದರೆ ಬ್ಯಾಂಕಿನಿಂದ ಫಾರಂ 35 ತಂದು ಮೊದಲು ಆರ್‌ಸಿಯಲ್ಲಿರುವ ಸಾಲದ ನಮೂದು ತೆಗೆಸಿ. ನಾನಂತೂ ಕಾಕಾನನ್ನು ಕರಕೊಂಡು ಹೋಗಿ ಅರ್ಜಿ ಹಾಕಿಸಿ, ಹೆಸರು ಬದಲಾದ ಆರ್‌ಸಿಯ ಫೋಟೊ ವಾಟ್ಸಾಪ್‌ಗೆ ಬರುವ ತನಕ ಬಿಡಲಿಲ್ಲ.

ನನ್ನ ಲೆಕ್ಕ ಇಷ್ಟು

ಐದು ಸಾವಿರದೊಳಗಿನ ಸಾಮಾನಿಗೆ ಗ್ರೂಪು ಅಥವಾ ಓಣಿ, ನಗದು. ಫೋನು, ಲ್ಯಾಪ್‌ಟಾಪ್ ಅಂಗಡಿಗೆ, ರೇಟು ಕಮ್ಮಿ ಆದರೂ ಪರವಾಗಿಲ್ಲ. ಫ್ರಿಜ್, ವಾಷಿಂಗ್ ಮಷಿನ್, ತಿಜೋರಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಹಾಕಿ, ಮನೆಗೆ ಬಂದವನಿಂದ ನಗದು ಅಥವಾ ನಿಮ್ಮ ಆ್ಯಪ್‌ನಲ್ಲಿ ನೋಡಿ ಯುಪಿಐ. ಗಾಡಿ, ಟ್ರ್ಯಾಕ್ಟರಿಗೆ ಮಾತ್ರ ದೊಡ್ಡ ಆ್ಯಪ್‌ಗಳ ತ್ರಾಸು ತಗೊಳ್ಳೋದು ಲಾಭ, ಅಲ್ಲಿ ಕನ್ಸಲ್ಟಂಟ್ ರೇಟಿಗೂ ನೇರ ಗಿರಾಕಿಯ ರೇಟಿಗೂ ಹತ್ತು ಸಾವಿರದ ತನಕ ಫರಕು ಬೀಳುತ್ತದೆ. ವಯಸ್ಸಾದ ಅಪ್ಪ ಅಮ್ಮ ಮನೆಯಲ್ಲಿ ಇಬ್ಬರೇ ಇದ್ದರೆ ರೇಟಿನ ಆಸೆ ಬಿಟ್ಟು ಗೊತ್ತಿದ್ದ ಅಂಗಡಿಯವನಿಗೇ ಕೊಡಿಸಿ.

ಇಷ್ಟೆಲ್ಲ ಆಗಿಯೂ ರೊಕ್ಕ ಹೋಯಿತು ಅಂದರೆ ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಚಿಕೊಂಡು ರಾತ್ರಿ ಕಳೆಯಬೇಡಿ. ಕಳ್ಳ ಆ ರೊಕ್ಕವನ್ನು ಇನ್ನೊಂದು ಅಕೌಂಟಿಗೆ ದಾಟಿಸುವ ಮೊದಲು ತಡೆದರೆ ವಾಪಸ್ ಸಿಗುವ ಆಸೆ ಉಂಟು. ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರು ಕೈಯಲ್ಲಿರಲಿ, ಅದನ್ನೇ ಮೊದಲು ಕೇಳುತ್ತಾರೆ. ಆಮೇಲೆ cybercrime.gov.in ವೆಬ್‌ಸೈಟಿನಲ್ಲಿ ದೂರು ಹಾಕಿ, ಹುಬ್ಬಳ್ಳಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಿ. ಗದಗ, ಹಾವೇರಿಯಲ್ಲೂ ಸಿಇಎನ್ ಠಾಣೆ ಇದೆ. ಬ್ಯಾಂಕಿಗೂ ಹೇಳಿ, ಆದರೆ ನಾವೇ ಪಿನ್ ಒತ್ತಿದ್ದರಿಂದ ಬ್ಯಾಂಕು ತನ್ನ ಕಿಸೆಯಿಂದ ಕೊಡುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ. ನಂಬರು, ಚಾಟು, ಆ ಮಿಲಿಟರಿ ಐಡಿ ಕಾರ್ಡಿನ ಫೋಟೊ ಯಾವುದನ್ನೂ ಸಿಟ್ಟಿಗೆ ಡಿಲೀಟ್ ಮಾಡಬೇಡಿ.

ತಂಗಿಯ 3,500 ವಾಪಸ್ ಬಂದಿಲ್ಲ. ನಾವು ಫೋನ್ ಮಾಡುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಕಾಟ್, ಗಾದಿ, ಟೇಬಲ್ ಮಾತ್ರ ಹಾಗೇ ಇದ್ದವು. ಪಕ್ಕದ ಪಿಜಿಗೆ ಹೊಸದಾಗಿ ಬಂದ ಹಾವೇರಿ ಹುಡುಗ ನೋಡೋಕೆ ಬಂದ. ಕಾಟ್ ಅಲುಗಾಡಿಸಿದ, ಟೇಬಲ್ ಕಾಲು ಕುಂಟುತ್ತದೆ ಅಂದ, 1,500 ಅಂದ. ಅರ್ಧ ತಾಸು ಎಳೆದಾಡಿ 2,200ಕ್ಕೆ ಮುಗಿಯಿತು. 500ರ ನಾಲ್ಕು, 100ರ ಎರಡು ನೋಟು ಎಣಿಸಿ ಕೊಟ್ಟು, ಗಾದಿ ಸುತ್ತಿ ತಲೆ ಮೇಲೆ ಹೊತ್ತುಕೊಂಡು ಮೆಟ್ಟಿಲಿಳಿದ.